ಕೆಳಗೆ ಅಂಗಡಿ, ಮೇಲೆ ಮನೆ: ಕೆಡವುವ ಮುನ್ನ ಯೋಚಿಸೋಣ

ಕಲಬುರಗಿಯ ಹಳೆ ಬಜಾರುಗಳಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಇರುವ ಕಟ್ಟಡಗಳು ಒಂದೊಂದಾಗಿ ನೆಲಕ್ಕುರುಳುತ್ತಿವೆ. ಅದೇ ಜಾಗದಲ್ಲಿ ಏಳುವ ಕಾಂಪ್ಲೆಕ್ಸುಗಳಲ್ಲಿ ಮೇಲಿನಿಂದ ಕೆಳಗಿನವರೆಗೂ ಬರೀ ಶಟರುಗಳು. ರಾತ್ರಿ ಅವನ್ನು ಎಳೆದ ಮೇಲೆ ಬೀದಿಯಲ್ಲಿ ನರಪಿಳ್ಳೆಯೂ ಇರುವುದಿಲ್ಲ. ಇದನ್ನು ಅಭಿವೃದ್ಧಿ ಎಂದು ಒಪ್ಪಲು ನನ್ನಿಂದಾಗದು.

ಈ ಊರಿಗೆ ವ್ಯಾಪಾರ ಹೊಸದಲ್ಲ. 1347ರಲ್ಲಿ ಇದನ್ನು ರಾಜಧಾನಿ ಮಾಡಿಕೊಂಡ ಬಹಮನಿ ಸುಲ್ತಾನರ ಕೋಟೆಯೊಳಗೆ ಬಜಾರಿನ ಕಮಾನು ಕೋಣೆಗಳ ಸಾಲು ಇಂದಿಗೂ ನಿಂತಿದೆ. ಮುಂದೆ ರೈಲು ಬಂತು. 1871ರಲ್ಲಿ ಮುಂಬೈ ಮತ್ತು ಮದ್ರಾಸಿನ ಹಳಿಗಳು ರಾಯಚೂರಿನಲ್ಲಿ ಕೂಡಿದವು. 1874ರಲ್ಲಿ ವಾಡಿಯಿಂದ ಹೈದರಾಬಾದಿನತ್ತ ಗಾಡಿ ಓಡಿತು. ಹತ್ತಿ, ಕಾಳುಕಡಿಯ ವಹಿವಾಟು ಬೆಳೆಯಿತು, ಆರನೇ ನಿಜಾಮರ ಹೆಸರಿನಲ್ಲಿ ಬಟ್ಟೆ ಮಿಲ್ಲು ಎದ್ದಿತು.  

ನಮ್ಮ ಮನೆ ಇದ್ದದ್ದು ರೋಜಾದಲ್ಲಿ, ಖಾಜಾ ಬಂದೇನವಾಜ್ ದರ್ಗಾಕ್ಕೆ ಹೋಗುವ ದಾರಿಯಲ್ಲಿ. ಕೆಳಗೆ ಅಬ್ಬಾ ಅವರ ಬಟ್ಟೆ ಅಂಗಡಿ, ಮೇಲೆ ನಾವು ಎಂಟು ಮಂದಿ. ಅಂಗಡಿಯ ಬಾಗಿಲೆಂದರೆ ಸಾಗವಾನಿಯ ಉದ್ದುದ್ದ ಹಲಗೆಗಳು. ಒಂದೊಂದರ ಬೆನ್ನಿಗೂ ಸುಣ್ಣದಲ್ಲಿ ಬರೆದ ಸಂಖ್ಯೆ. ಸಂಖ್ಯೆ ತಪ್ಪಿದರೆ ಕೊನೆಯ ಹಲಗೆ ಕೂರುತ್ತಿರಲಿಲ್ಲ. ಮನೆಗೆ ಮೆಟ್ಟಿಲು ಪಕ್ಕದ ಗಲ್ಲಿಯಿಂದ, ಹಾಗಾಗಿ ಹೆಣ್ಣುಮಕ್ಕಳು ಗಿರಾಕಿಗಳ ನಡುವೆ ಹಾಯಬೇಕಿರಲಿಲ್ಲ. ಗಲ್ಲಾದ ನೇರಕ್ಕೆ ಮೇಲೆ ಗೇಣಗಲದ ಕಿಂಡಿ. ಅಮ್ಮಿ ಅದರಿಂದ ಹಗ್ಗಕ್ಕೆ ಕಟ್ಟಿ ಚಹಾದ ಕೆಟಲ್ ಇಳಿಸುತ್ತಿದ್ದರು. ಅಬ್ಬಾ ಅದೇ ಹಗ್ಗಕ್ಕೆ ತರಕಾರಿಯ ದುಡ್ಡು ಕಟ್ಟಿ ಮೇಲೆ ಕಳಿಸುತ್ತಿದ್ದರು. ಉರುಸಿನ ದಿನಗಳಲ್ಲಿ ಹಳ್ಳಿಗಳಿಂದ ಬಂದ ತಾಯಂದಿರು, ಹಿಂದೂ ಮುಸ್ಲಿಂ ಎನ್ನದೆ, ಮಗುವಿಗೆ ಹಾಲೂಡಿಸಲು ಮೇಲೆ ಬಂದು ಕೂರುತ್ತಿದ್ದರು. ಮನೆ ಇದ್ದ ಬೀದಿಗೆ ಇಂಥ ಆಸರೆ ಇರುತ್ತಿತ್ತು.

ಕಟ್ಟಡವೂ ಈ ನೆಲಕ್ಕೆ ಒಗ್ಗಿದ್ದು. ಎರಡು ಮೊಳ ದಪ್ಪದ ಕಲ್ಲಿನ ಗೋಡೆ, ಗಚ್ಚಿನ ಗಿಲಾವು, ಕಾಲಿಗೆ ತಂಪಾದ ಶಹಾಬಾದ್ ಪರಸಿ. ಮಾಳಿಗೆಗೆ ಜಂತಿ, ಜಂತಿಯ ಮೇಲೆ ಹಲಗೆ, ಹಲಗೆಯ ಮೇಲೆ ಬಡಿದು ಕೂಡಿಸಿದ ಮಣ್ಣು. ಬೇಸಿಗೆಯಲ್ಲಿ 43 ಡಿಗ್ರಿ ಮುಟ್ಟುವ ಈ ಊರಿನಲ್ಲಿ ನಾವು ಮಧ್ಯಾಹ್ನ ಫ್ಯಾನಿಲ್ಲದೆ ಮಲಗುತ್ತಿದ್ದೆವು. ಇಂದಿನ ಗಾಜಿನ ಮುಖದ ಅಂಗಡಿಯಲ್ಲಿ ಎಸಿ ನಿಂತರೆ ಅರ್ಧ ತಾಸು ಕೂರಲಾಗದು.

ರಸ್ತೆ ಅಗಲವಾಗಬೇಕು, ಹಳೆ ಜಂತಿಗಳಿಗೆ ಗೆದ್ದಲು ಹಿಡಿದಿದೆ, ಬಾಡಿಗೆ ಸಾಲದು ಎಂಬ ಮಾಲೀಕರ ಮಾತಿನಲ್ಲಿ ನಿಜವಿದೆ. ನಿಜವಾಗಿಯೂ ಅಪಾಯದಲ್ಲಿರುವ ಕಟ್ಟಡವನ್ನು ಇಳಿಸಲೇಬೇಕು. ಆದರೆ ಗಟ್ಟಿಮುಟ್ಟಾದ ಗೋಡೆಗೂ ಜೆಸಿಬಿ ಹಚ್ಚುವುದೇಕೆ? ಮಲೇಷ್ಯಾದ ಜಾರ್ಜ್ ಟೌನ್ ಇಂಥದೇ ಅಂಗಡಿಮನೆಗಳ ಸಾಲುಗಳನ್ನು ಉಳಿಸಿಕೊಂಡಿತು. 2008ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಆ ಊರಿನ ಹಳೆ ಬೀದಿಗಳನ್ನು ನೋಡಲು ಇಂದು ಪ್ರವಾಸಿಗರು ಹುಡುಕಿಕೊಂಡು ಬರುತ್ತಾರೆ.

ಮಹಾನಗರ ಪಾಲಿಕೆ ಮೊದಲು ಬೀದಿವಾರು ಪಟ್ಟಿ ಮಾಡಲಿ: ಯಾವ ಕಟ್ಟಡ, ಎಷ್ಟು ಹಳೆಯದು, ಮೇಲೆ ಯಾರಿದ್ದಾರೆ. ದುರಸ್ತಿ ಮಾಡಿಸುವವರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡಲಿ. ಹೊಸದಾಗಿ ಕಟ್ಟುವವರೂ ಮೇಲೆ ಮನೆ ಇಡುವಂತೆ ಉತ್ತೇಜನ ನೀಡಲಿ. ಮಾಲೀಕರಲ್ಲೂ ಒಂದು ವಿನಂತಿ: ಹಳೆ ಗೋಡೆಗೆ ಸಿಮೆಂಟ್ ಮೆತ್ತಬೇಡಿ, ತೇವ ಒಳಗೇ ನಿಂತು ಗೋಡೆ ಕೆಡುತ್ತದೆ. ಗಚ್ಚಿನ ಕೆಲಸ ಬಲ್ಲ ಗೌಂಡಿಗಳು ಇನ್ನೂ ನಮ್ಮ ನಡುವೆ ಇದ್ದಾರೆ. ಅವರಿರುವಾಗಲೇ ಈ ಕೆಲಸ ಶುರುವಾಗಲಿ.