ಕಿಟಕಿಯ ಸರಳು ಮತ್ತು ನೆರೆಮನೆಯ ಹಿತ

ಕುರುಗೋಡಿನ ಹಳೆಯ ಬೀದಿಗಳಲ್ಲಿ ಉಳಿದಿರುವ ಮಾಳಿಗೆ ಮನೆಗಳ ರಚನೆಯಲ್ಲಿ ಒಂದು ವಿವೇಕವಿದೆ. ದಪ್ಪ ಗೋಡೆ, ಬೀದಿಯ ಕಡೆಗೆ ಎತ್ತರದಲ್ಲೊಂದು ಸಣ್ಣ ಕಿಟಕಿ, ಬೆಳಕಿಗೆ ಮಾಳಿಗೆಯ ಬೆಳಕಿಂಡಿ. ಒಳಗೆ ಏನಿದೆ, ಯಾರಿದ್ದಾರೆ ಎಂಬುದು ದಾರಿಹೋಕನಿಗೆ ತಿಳಿಯುವಂತಿರಲಿಲ್ಲ. 2018ರಲ್ಲಿ ತಾಲ್ಲೂಕು ಕೇಂದ್ರವಾದ ಈ ಊರಿನ ಹೊಸ ಮನೆಗಳದು ಬೇರೆಯೇ ರೀತಿ. ರಸ್ತೆಗೆ ಮುಖಮಾಡಿದ ಅಗಲವಾದ ಗಾಜಿನ ಕಿಟಕಿ, ಅದರ ಹೊರಗೆ ಭಾರಿ ಅಲಂಕಾರದ ಗ್ರಿಲ್. ರಕ್ಷಣೆಗೆಂದು ಹಾಕಿದ ಕಬ್ಬಿಣವೇ ಒಳಗಿನ ಸಂಪತ್ತನ್ನು ಸಾರುತ್ತಿದೆಯೇನೋ ಎಂದು ನನಗೆ ಅನಿಸುವುದುಂಟು.

ಅರ್ಥಶಾಸ್ತ್ರದ ದೃಷ್ಟಿಯಿಂದ ಇಲ್ಲೊಂದು ಮುಖ್ಯ ಪ್ರಶ್ನೆಯಿದೆ. ಕಣ್ಣಿಗೆ ಕಾಣುವ ರಕ್ಷಣೆ ಕಳ್ಳತನವನ್ನು ತಡೆಯುವುದಕ್ಕಿಂತ ಹೆಚ್ಚಾಗಿ ಕಳ್ಳನನ್ನು ಪಕ್ಕದ ಮನೆಗೆ ಕಳುಹಿಸಬಹುದು. ಕಾಣದ ರಕ್ಷಣೆಯ ಪರಿಣಾಮ ಇದಕ್ಕೆ ವಿರುದ್ಧ. ಅಮೆರಿಕದಲ್ಲಿ ಕಾರುಗಳೊಳಗೆ ಅಡಗಿಸಿಡುವ ರೇಡಿಯೊ ಸಾಧನವನ್ನು ಕುರಿತು ಇಯಾನ್ ಏರ್ಸ್ ಮತ್ತು ಸ್ಟೀವನ್ ಲೆವಿಟ್ 1998ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸ್ಪಷ್ಟಪಡಿಸಿತು. ಸಾಧನ ಯಾವ ಕಾರಿನಲ್ಲಿದೆಯೆಂದು ತಿಳಿಯದ ಕಾರಣ ಒಟ್ಟಾರೆ ಕಾರು ಕಳವೇ ಇಳಿಯಿತು. ಸಾಮಾಜಿಕ ಲಾಭದಲ್ಲಿ ಸಾಧನಕ್ಕೆ ಹಣ ತೆತ್ತವರಿಗೆ ದೊರೆತದ್ದು ಶೇ 10ಕ್ಕಿಂತಲೂ ಕಡಿಮೆ. ಉಳಿದದ್ದು ನೆರೆಹೊರೆಯವರ ಪಾಲಾಯಿತು.

ಮನೆಯ ಕಿಟಕಿಗೂ ಈ ತತ್ವ ಅನ್ವಯಿಸುತ್ತದೆ. ಸರಳುಗಳು ಗಾಜಿನ ಒಳಬದಿಯಲ್ಲಿ, ಚೌಕಟ್ಟಿನೊಳಗೆ ಹುದುಗಿದ್ದರೆ ಸಾಕು. ಹೊರಗಿನಿಂದ ಸ್ಕ್ರೂ ಬಿಗಿದ ಗ್ರಿಲ್ ಎಷ್ಟೇ ದಪ್ಪವಿದ್ದರೂ ಒಂದು ತಿರುಪುಳಿಗೆ ಮಣಿಯುತ್ತದೆ. ಪಕ್ಕಕ್ಕೆ ಸರಿಯುವ ಕಿಟಕಿಯ ಕೆಳಹಳಿಯಲ್ಲಿ ಅಳತೆಗೆ ಕತ್ತರಿಸಿದ ಮರದ ಪಟ್ಟಿಯೊಂದನ್ನು ಇಟ್ಟರೆ ಅದನ್ನು ಸರಿಸಲಾಗದು. ಮೇಲಿನ ಹಳಿಯಲ್ಲಿ ಒಂದು ಸ್ಕ್ರೂ ಹಾಕಿದರೆ ಎತ್ತಿ ತೆಗೆಯಲೂ ಆಗದು. ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಪದರವಿರುವ ಲ್ಯಾಮಿನೇಟೆಡ್ ಗಾಜು ಒಡೆದರೂ ಉದುರುವುದಿಲ್ಲ. ನೋಡಲು ಸಾಮಾನ್ಯ ಗಾಜಿನಂತೆಯೇ ಇರುತ್ತದೆ. ಬಚ್ಚಲಿನ ಗಾಜಿನ ಪಟ್ಟಿಗಳನ್ನು ಒಂದೊಂದಾಗಿ ಜಾರಿಸಿ ತೆಗೆಯಬಹುದೆಂಬುದನ್ನು ಮರೆಯುವವರೇ ಹೆಚ್ಚು. ಅಲ್ಲಿಯೂ ಒಳಗೆ ಎರಡು ಸರಳು ಬೇಕು. ದೊಡ್ಡಬಸವೇಶ್ವರ ಜಾತ್ರೆಯ ದಿನ ಊರೆಲ್ಲ ತೇರಿನ ಮುಂದಿರುವಾಗ ಇಂತಹ ಸಣ್ಣ ಎಚ್ಚರಗಳಿಗೆ ಬೆಲೆ ಬರುತ್ತದೆ.

ಆದರೆ ಕಳ್ಳನೊಬ್ಬನೇ ಅಪಾಯವಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟೊಂದರಲ್ಲಿ ಬೆಂಕಿ ಬಿದ್ದು ತಾಯಿ ಮಗಳಿಬ್ಬರು ಅಸುನೀಗಿದರು. ಬಾಲ್ಕನಿಯ ಗ್ರಿಲ್ ಹಿಂದೆ ಸಿಲುಕಿ ಹೊರಬರಲಾಗದ ಮಹಿಳೆಯನ್ನು ಕೆಳಗಿದ್ದವರು ಅಸಹಾಯಕರಾಗಿ ನೋಡಬೇಕಾಯಿತು. ಕಳ್ಳನನ್ನು ಹೊರಗಿಡುವ ಕಬ್ಬಿಣ ಮನೆಯವರನ್ನು ಒಳಗೇ ಬಂಧಿಸಬಾರದು. ಪ್ರತಿ ಮಹಡಿಯಲ್ಲಿ ಕನಿಷ್ಠ ಒಂದು ಗ್ರಿಲ್ಲಿಗೆ ತಿರುಗಣಿ, ಒಳಗಿನಿಂದ ಬೀಗ ಇರಬೇಕು. ಬೀಗದ ಕೈ ಹೊರಗಿನಿಂದ ಕೈಗೆ ಎಟುಕದ, ಆದರೆ ಮನೆಯ ಮಕ್ಕಳಿಗೂ ಹಿರಿಯರಿಗೂ ಗೊತ್ತಿರುವ ಜಾಗದಲ್ಲಿರಬೇಕು.

ಸರ್ಕಾರದ ಗಮನ ಈವರೆಗೆ ಹೆಚ್ಚಾಗಿ ಬೇರೆಡೆ ಇದೆ. 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಜನ ಸೇರುವ ಸಂಸ್ಥೆಗಳಲ್ಲಿ ಕ್ಯಾಮೆರಾ ಕಡ್ಡಾಯಗೊಳಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಂ ವಾಸದ ಮನೆಯ ಕಳವಿಗೆ ಏಳು ವರ್ಷದವರೆಗೆ ಶಿಕ್ಷೆ ವಿಧಿಸುತ್ತದೆ. ಅದು ಕಳವಾದ ನಂತರದ ಮಾತು. ಮನೆ ಕಟ್ಟುವ ಹಂತದಲ್ಲಿ ನೆರವಾಗಬೇಕಾದದ್ದು ಸ್ಥಳೀಯ ಸಂಸ್ಥೆ. ಕಟ್ಟಡ ಪರವಾನಗಿಯೊಂದಿಗೆ ಪುರಸಭೆಯು ಕಿಟಕಿಯ ಭದ್ರತೆ ಹಾಗೂ ತೆರೆಯುವ ಗ್ರಿಲ್ ಕುರಿತು ಒಂದು ಪುಟದ ಸೂಚನೆ ನೀಡಿದರೆ ಬೊಕ್ಕಸಕ್ಕೆ ಹೊರೆಯಾಗದು.

ನಮ್ಮ ಹಿರಿಯರು ಸಿರಿಯನ್ನು ಬೀದಿಗೆ ತೋರಿಸದೆ ಬಾಳಿದರು. ಅದು ಕೇವಲ ಸಂಕೋಚವಾಗಿರಲಿಲ್ಲ, ನೆರೆಯವರ ಹಿತವೂ ಅದರಲ್ಲಿ ಅಡಗಿತ್ತು.