ಹೆಳವರ ಪುಸ್ತಕದಲ್ಲಿ ಇಲ್ಲದ್ದು

ಮೇಲವಂಕಿಯಿಂದ ಗೋಕಾಕಕ್ಕೆ ಬರುವ ಬಸ್ಸಿನಲ್ಲಿ ಕಿವಿಗೆ ಬಿದ್ದ ಮಾತೊಂದು ವಾರವಿಡೀ ಕಾಡಿದೆ: “ಕೊಲೆಸ್ಟ್ರಾಲ್ ಬರೋಬ್ಬರಿ ಇತ್ತಂತ. ತುಪ್ಪಾನೂ ಬಿಟ್ಟಿದ್ದ. ಆದ್ರೂ ಹಾರ್ಟ್ ಅಟ್ಯಾಕ್ ಆತು ನೋಡೋ ತಮ್ಮಾ.”

ಇದು ಹೊಸ ಒಗಟಲ್ಲ. 1996ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಪ್ರೇಮ್ ಪೈಸ್ ಮತ್ತು ಸಂಗಡಿಗರು ಮೊದಲ ಸಲ ಹೃದಯಾಘಾತವಾದ 200 ಜನರನ್ನು ಇತರ 200 ಜನರೊಂದಿಗೆ ಹೋಲಿಸಿದ ಅಧ್ಯಯನ ಪ್ರಕಟಿಸಿದರು. ಧೂಮಪಾನ, ರಕ್ತದೊತ್ತಡ, ಸಕ್ಕರೆ, ಹೊಟ್ಟೆಯ ಬೊಜ್ಜು ಎದ್ದು ಕಂಡವು. ಕೊಲೆಸ್ಟ್ರಾಲಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. 2004ರಲ್ಲಿ 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನ ಅಪೋ-ಬಿ ಮತ್ತು ಅಪೋ-ಎ1 ಎಂಬ ರಕ್ತದ ಪ್ರೋಟೀನುಗಳ ಅನುಪಾತವನ್ನು ಅಪಾಯಗಳ ಮುಂಚೂಣಿಯಲ್ಲಿಟ್ಟಿತು. ಕೊಲೆಸ್ಟ್ರಾಲ್ ಹೊರುವ ಪ್ರತಿ ಎಲ್‌ಡಿಎಲ್ ಕಣಕ್ಕೂ ಒಂದೇ ಅಪೋ-ಬಿ. ಅದನ್ನು ಅಳೆದರೆ ಕಣಗಳ ಲೆಕ್ಕ ಸಿಗುತ್ತದೆ. ಕೊಲೆಸ್ಟ್ರಾಲ್ ಅಳೆದರೆ ಅವು ಹೊತ್ತ ಸರಕಿನ ತೂಕ ಮಾತ್ರ. ಆದರೂ ನಮ್ಮ ಆರೋಗ್ಯ ಪುಟಗಳು ‘ಒಳ್ಳೆಯದು, ಕೆಟ್ಟದ್ದು’ ಎಂಬ ಎರಡೇ ಖಾನೆ ಬಿಟ್ಟು ಕದಲುವುದಿಲ್ಲ. ಓದುಗರನ್ನು ಇಷ್ಟು ದಡ್ಡರೆಂದು ಎಣಿಸುವುದನ್ನು ನಾನು ಸಹಿಸಲಾರೆ.

ಈ ಎರಡು ಖಾನೆಗೆ ಸಿಗದ ಇಟಲಿಯ ಲಿಮೋನೆ ಊರಿನ ಕಥೆ ನೋಡಿ. ಅಲ್ಲಿ ಕೆಲವರ ‘ಒಳ್ಳೆಯ’ ಎಚ್‌ಡಿಎಲ್ ತೀರಾ ಕಡಿಮೆ; ಹೃದಯ ಮಾತ್ರ ಗಟ್ಟಿ. ಕಾರಣ ಅಪೋ-ಎ1ರ 173ನೆಯ ಸ್ಥಾನದಲ್ಲಿ ಆರ್ಜಿನಿನ್ ಎಂಬ ಅಮೈನೋ ಆಮ್ಲದ ಬದಲು ಸಿಸ್ಟೀನ್. 1980ರಲ್ಲಿ ಸಿರ್ತೋರಿ ಎಂಬ ಸಂಶೋಧಕರ ಬಳಗ ಇದನ್ನು ವರದಿ ಮಾಡಿತು. ಇಡೀ ಊರಿನ ರಕ್ತ ಪರೀಕ್ಷಿಸಿ, ಚರ್ಚಿನ ದಾಖಲೆ ಹಿಡಿದು 18ನೇ ಶತಮಾನದ ಪೂರ್ವಜರವರೆಗೆ ಹೋದರು. 1930ರ ದಶಕದವರೆಗೆ ಊರಿಗೆ ರಸ್ತೆಯೇ ಇರಲಿಲ್ಲವಾದ್ದರಿಂದ ಈ ಬದಲಾವಣೆ ಹೊತ್ತ ಜೀನು ಅಲ್ಲೇ ಉಳಿದಿತ್ತು.

ನಮ್ಮಲ್ಲಿ ಚರ್ಚಿನ ದಾಖಲೆಯಿಲ್ಲ, ಹೆಳವರಿದ್ದಾರೆ. ಎತ್ತಿನ ಮೇಲೆ ಬಂದು, ಮನೆತನ ಎಲ್ಲಿಂದ ಬಂತು, ಯಾರ ಮಗ ಯಾರು, ಯಾವ ಕವಲು ಯಾವ ಊರಿಗೆ ಹೋಯಿತು ಎಂದು ತಲೆಮಾರುಗಳನ್ನು ಬಿಡಿಸಿಡುವವರು. ಈ ಭಾಗದ ಕುಟುಂಬಗಳ ಬಗ್ಗೆ ಇಷ್ಟು ಉದ್ದದ ನೆನಪು ಯಾವ ಆಸ್ಪತ್ರೆಯಲ್ಲಿದೆ? ಅವರ ಪುಸ್ತಕಗಳನ್ನು ನಮ್ಮ ವೈದ್ಯವಿಜ್ಞಾನ ಓದಬೇಕೆಂದು ಮತ್ತೆ ಮತ್ತೆ ಬರೆಯುತ್ತೇನೆ, ಇನ್ನೂ ಬರೆಯುವೆ.

ಆದರೆ ಹೆಳವರು ಹೇಳುವ ವಂಶದ ಸಾಲು ತಂದೆಯಿಂದ ಮಗನಿಗೆ ಇಳಿಯುತ್ತದೆ. ಜೀನು ತಾಯಿಯಿಂದಲೂ ಅಷ್ಟೇ ಬರುತ್ತದೆ. ಸೋದರಮಾವನಿಗೆ ಮಗಳನ್ನು ಕೊಡುವ ನಮ್ಮ ಮನೆಗಳಲ್ಲಂತೂ ಜೀನಿನ ಒಂದೇ ರೂಪ ಎರಡೂ ಕಡೆಯಿಂದ ಬಂದು ಕೂಡಬಹುದು. ಹಾಗಾದರೆ ಬಸ್ಸಿನ ಮಾತಿನಲ್ಲಿ ಬಂದ ಆ ಮನುಷ್ಯನ ಬಗ್ಗೆ ‘ಅವನಿಗೇಕೆ ಆಯಿತು?’ ಎಂಬುದಕ್ಕಿಂತ ದೊಡ್ಡ ಪ್ರಶ್ನೆ, ಅವನ ತಂಗಿಯ ಮಕ್ಕಳನ್ನು ಯಾರು ಪರೀಕ್ಷಿಸುತ್ತಾರೆ ಎಂಬುದು. 1963ರಲ್ಲಿ ಕಾರೆ ಬರ್ಗ್ ಗುರುತಿಸಿದ ಲಿಪೊಪ್ರೋಟೀನ್(ಎ) ಎಂಬ, ಹೃದಯಾಘಾತದ ಅಪಾಯ ಹೆಚ್ಚಿಸುವ ಕಣದ ಮಟ್ಟ ಬಹುಪಾಲು ಹುಟ್ಟಿನಿಂದಲೇ ನಿರ್ಧಾರವಾಗಿರುತ್ತದೆ; ತುಪ್ಪ ಬಿಟ್ಟರೆ ಅದು ಇಳಿಯದು. ಸಾಮಾನ್ಯವಾಗಿ ಬದುಕಿನಲ್ಲಿ ಒಮ್ಮೆ ಅಳೆದರೆ ಸಾಕು. ಹೆಚ್ಚಿದ್ದರೆ ಬೀಡಿ, ಬಿಪಿ, ಸಕ್ಕರೆ, ಎಲ್‌ಡಿಎಲ್‌ಗಳನ್ನು ಎಳೆಯ ವಯಸ್ಸಿನಲ್ಲೇ ಹಿಡಿತಕ್ಕೆ ತರಬಹುದು. ತೀರಿಹೋದವರ ವಯಸ್ಸು, ಕಾರಣ, ಹೆಣ್ಣುಮಕ್ಕಳು ಹೋದ ಮನೆಗಳು: ಇವಿಷ್ಟನ್ನು ಪ್ರತಿ ಕುಟುಂಬವೂ ಬರೆದಿಟ್ಟುಕೊಂಡು ವೈದ್ಯರ ಮುಂದಿಡಲಿ.