ತಾಳವಾಡಿ ಮಕ್ಕಳ ಇತಿಹಾಸ, ಭೂಗೋಳ: ಪಠ್ಯಪುಸ್ತಕ ಒಂದೇ ಸಾಲದು



ಗಡಿಭಾಗದ ಶಾಲೆಗಳ ಮಾತು ಬಂದಾಗಲೆಲ್ಲ ನಾವು ಭಾಷಾ ಪತ್ರಿಕೆಯ ಬಗ್ಗೆಯೇ ಹೆಚ್ಚು ಚರ್ಚಿಸುತ್ತೇವೆ. ಈ ಸಲ ಪ್ರೌಢ ತರಗತಿಗಳ ಇತಿಹಾಸ, ಭೂಗೋಳ ಪಾಠಗಳತ್ತ ತಮ್ಮ ಗಮನ ಸೆಳೆಯುತ್ತಿದ್ದೇವೆ.

ಮೊದಲು ಕಾನೂನಿನ ಸ್ಥಿತಿ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350-ಎ ವಿಧಿ ಹೇಳುತ್ತದೆ. ಆದರೆ ಅದು ಪ್ರಾಥಮಿಕ ಹಂತದ ಮಾತು. ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯ್ದೆಯಂತೆ ತಮಿಳು ಒಂದನೇ ತರಗತಿಯಿಂದ ವರ್ಷಕ್ಕೊಂದು ತರಗತಿಯಂತೆ ಕಡ್ಡಾಯವಾಗುತ್ತ 2015-16ಕ್ಕೆ ಹತ್ತನೆಯದನ್ನು ತಲುಪಿತು. ತಮಿಳು ಕಲಿಯುವುದಕ್ಕೆ ನಮ್ಮ ತಕರಾರಿಲ್ಲ. ಇಲ್ಲಿನ ಬದುಕಿಗೆ ಅದು ಬೇಕೇ ಬೇಕು. ಆದರೆ ಕನ್ನಡ ಮಾಧ್ಯಮದ ಮಗು ನಾಡು, ನೀರು, ರಾಜ್ಯ, ಕಾಲ ಇವುಗಳನ್ನು ಕನ್ನಡದಲ್ಲಿ ಅರಿಯುವುದು ಸಮಾಜ ವಿಜ್ಞಾನದ ತರಗತಿಯಲ್ಲಿ. ಅಲ್ಲಿ ಸಾಮಗ್ರಿ ಸಾಲದಿದ್ದರೆ ಪೋಷಕರು ಮಾಧ್ಯಮವನ್ನೇ ಬದಲಿಸಿಬಿಡುತ್ತಾರೆ.

ಚಾಮರಾಜನಗರದಿಂದ ಗೈಡ್ ತರಿಸಿದರೆ ಕೆಲಸವಾಗುವುದಿಲ್ಲ. ಎರಡು ರಾಜ್ಯಗಳ ಪಠ್ಯಕ್ರಮ ಬೇರೆ ಬೇರೆ. ಅನುವಾದಿತ ಪಠ್ಯ ಕೈಗೆ ಬಂದರೂ ಅದು ಇಡೀ ರಾಜ್ಯಕ್ಕಾಗಿ ಬರೆದದ್ದು. ಅದರ ಜೊತೆಗೆ ನಮ್ಮ ಬೆಟ್ಟದ ಪಾಠವನ್ನು ನಾವೇ ಸಿದ್ಧಪಡಿಸಿಕೊಡಬೇಕು. ಮೂರು ಉದಾಹರಣೆ ಕೊಡುತ್ತೇವೆ.

ಒಂದು, ನೀರು. ತಾಳವಾಡಿ ಕಡೆಯ ಮಳೆನೀರು ಚಿಕ್ಕಹೊಳೆ, ಸುವರ್ಣಾವತಿಗಳಲ್ಲಿ ಚಾಮರಾಜನಗರದತ್ತ ಹರಿದು ಕೊಳ್ಳೇಗಾಲದ ಬಳಿ ಕಾವೇರಿ ಸೇರುತ್ತದೆ. ದಿಂಬಂ ಘಾಟಿಯ ದಕ್ಷಿಣ ಇಳಿಜಾರಿನ ನೀರು ಭವಾನಿ ನದಿಗೆ ಹೋಗುತ್ತದೆ. ಮೊದಲನೆಯದು ಹೊಗೇನಕಲ್, ಮೆಟ್ಟೂರು ದಾಟಿ ಭವಾನಿ ಪಟ್ಟಣಕ್ಕೆ ಬರುವಾಗ ಎರಡನೆಯದು ಅಲ್ಲಿ ಅದನ್ನು ಕೂಡಿಕೊಳ್ಳುತ್ತದೆ. ಜಲವಿಭಜಕ ಎಂದರೇನು ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ನಮ್ಮ ಮಕ್ಕಳಿಗೆ ಸಿಗಲಾರದು.

ಎರಡು, ಯುದ್ಧ. ಟಿಪ್ಪು ಸುಲ್ತಾನ್ 1790ರ ಸೆಪ್ಟೆಂಬರಿನಲ್ಲಿ ಗಜಲಹಟ್ಟಿ ಕಣಿವೆಯ ಮೂಲಕ ಇಳಿದು ಸತ್ಯಮಂಗಲದ ಬಳಿ ಇಂಗ್ಲಿಷರನ್ನು ಎದುರಿಸಿದ. 1799ರಲ್ಲಿ ಆತ ಮಡಿದ ಮೇಲೆ ಕೊಯಮತ್ತೂರು ಸೀಮೆ ಕಂಪನಿಯ ಪಾಲಾಯಿತು. ತಮಿಳುನಾಡಿನ ಹತ್ತನೇ ತರಗತಿಯ ಪಾಠದಲ್ಲಿ ಬರುವ ಧೀರನ್ ಚಿನ್ನಮಲೈ ಟಿಪ್ಪುವಿನ ಪರ ನಿಂತು ಹೋರಾಡಿ, 1805ರಲ್ಲಿ ಸಂಕಗಿರಿಯಲ್ಲಿ ಗಲ್ಲಿಗೇರಿದವನು. ಆ ಕಡೆಯ ಮಕ್ಕಳು ಟಿಪ್ಪುವನ್ನೂ ಈ ಕಡೆಯವರು ಚಿನ್ನಮಲೈಯನ್ನೂ ಹೆಚ್ಚಾಗಿ ಓದುತ್ತಾರೆ. ಇಬ್ಬರನ್ನೂ ಒಟ್ಟಿಗೆ ಓದಬೇಕಾದವರು ಘಾಟಿಯ ಮೇಲಿನ ನಮ್ಮ ಮಕ್ಕಳು.

ಮೂರು, ಗಡಿ. ಕೊಳ್ಳೇಗಾಲವೂ ಒಮ್ಮೆ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಸೇರಿತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು. 1979ರಲ್ಲಿ ಪೆರಿಯಾರ್ ಜಿಲ್ಲೆ ರಚನೆಯಾಗಿ, ಬಳಿಕ ಅದರ ಹೆಸರು ಈರೋಡ್ ಎಂದಾಯಿತು. ಅಜ್ಜನ ಕಂದಾಯ ರಸೀದಿಯಲ್ಲಿ ಕೊಯಮತ್ತೂರು, ಅಪ್ಪನ ಸರ್ಟಿಫಿಕೇಟಿನಲ್ಲಿ ಪೆರಿಯಾರ್, ಮಗುವಿನದರಲ್ಲಿ ಈರೋಡ್ ಇರುವ ಮನೆಗಳು ಇಲ್ಲಿ ಹಲವು. ಯಾರೂ ಊರು ಬಿಟ್ಟು ಕದಲಿದವರಲ್ಲ. ಆ ಮೂರು ಕಾಗದಗಳನ್ನು ಮಕ್ಕಳ ಮುಂದಿಟ್ಟರೆ ರಾಜ್ಯ ಪುನರ್ವಿಂಗಡಣೆಯನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ.

ಇಂಥ ಪಾಠಗಳಿಗೆ ಪದಪಟ್ಟಿಯೂ ಜೊತೆಗಿರಬೇಕು. ಕನ್ನಡದ ‘ಪೂರ್ವ ಘಟ್ಟ’ವೇ ತಮಿಳಿನ ‘ಕಿಳಕ್ಕು ತೊಡರ್ಚ್ಚಿ ಮಲೈ’ ಎಂದು ತಿಳಿಯದ ವಿದ್ಯಾರ್ಥಿ ಮುಂದೆ ತಮಿಳು ಅಥವಾ ಇಂಗ್ಲಿಷ್ ಮಾಧ್ಯಮದ ಹನ್ನೊಂದನೇ ತರಗತಿಗೆ ಹೋದಾಗ, ಬಲ್ಲ ವಿಷಯದಲ್ಲೇ ಹಿಂದೆ ಬೀಳುತ್ತಾನೆ. ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಪದಗಳಿರಲಿ.

ಸದಸ್ಯರಲ್ಲಿ ನಮ್ಮ ಕೋರಿಕೆ: ಮನೆಯಲ್ಲಿರುವ ಹಳೆಯ ನಕ್ಷೆ, ರಸೀದಿ, ಶಾಲಾ ದಾಖಲೆಗಳ ನಕಲು ಕೊಡಿ, ಮೂಲ ನಿಮ್ಮಲ್ಲೇ ಇರಲಿ. ನಿವೃತ್ತ ಶಿಕ್ಷಕರು ತಲಾ ಒಂದು ಪಾಠ ಬರೆದುಕೊಡಲಿ, ಈಗ ಪಾಠ ಮಾಡುತ್ತಿರುವವರು ತಿದ್ದಲಿ. ಪಠ್ಯಪುಸ್ತಕ ಸಕಾಲಕ್ಕೆ ಕೊಡಿ ಎಂದು ಸರ್ಕಾರವನ್ನು ಕೇಳುವುದನ್ನು ನಾವು ಬಿಡುವುದಿಲ್ಲ. ಆದರೆ ಚಿಕ್ಕಹೊಳೆಯ ಪಾಠವನ್ನು ಚೆನ್ನೈಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಯಾರೂ ಬರೆದುಕೊಡುವುದಿಲ್ಲ, ಅದು ನಮ್ಮ ಕೆಲಸ.